ತೆರವು ಎಂದರೆ ಯಾವ ತೆರವು, ಸ್ವಾಮಿ?

ಮಾನ್ಯ ವಿಪತ್ತು ನಿರ್ವಹಣಾಧಿಕಾರಿಗಳೇ,

ಇಷ್ಟು ವರ್ಷ ಅಮ್ಮನಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದ ಒಂದು ವಿಷಯವನ್ನು ಮೊದಲು ನಿಮಗೇ ಹೇಳಿಬಿಡುತ್ತೇನೆ. ಕಾಡಂಚಿನ ಸಾಲಿನಲ್ಲಿರುವ ನಮ್ಮ ಮನೆ ನನಗೆ ಯಾವತ್ತೂ ಇಷ್ಟವಾಗಿರಲಿಲ್ಲ. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ, ಮಲಗುವ ಕೋಣೆಯಲ್ಲಿ ನೆಟ್ಟಗೆ ಕೈ ಚಾಚಿದರೆ ಬೀರು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಾಗಿನಿಂದ ಅಲ್ಲಿಂದ ಓಡಿಹೋಗುವ ದಾರಿ ಹುಡುಕುತ್ತಲೇ ಇದ್ದೇನೆ. ಆದ್ದರಿಂದ ಇದು ಮನೆಯ ಮೋಹದಲ್ಲಿ ಬರೆದ ಪತ್ರವೆಂದು ಪಕ್ಕಕ್ಕೆ ಸರಿಸಬೇಡಿ. ನನ್ನ ದೂರು ಒಂದು ಪದದ ಮೇಲೆ. ಆ ಪದ ‘ತೆರವು’. ಅದನ್ನು ನೀವು ಬಾಯಿತಪ್ಪಿ ಆಡಿದಿರೋ, ಬೇಕೆಂದೇ ಆಡಿದಿರೋ ಎಂಬ ಅನುಮಾನ ನನ್ನನ್ನು ಬಿಡುತ್ತಿಲ್ಲ.

ಬೆಂಕಿ ಬಂದ ಮಧ್ಯಾಹ್ನ ನಾನು ಗುಡ್ಡದ ಮೇಲಿನ ಬಂಗಲೆಗಳ ಬೀದಿಯಲ್ಲಿ ಕುಡಿಯುವ ನೀರಿನ ಕ್ಯಾನ್ ಇಳಿಸುತ್ತಿದ್ದೆ. ಈಗಿನ ಕೆಲಸ ಅದು. ಮೊದಲು ಬೇಕರಿ, ಅದಕ್ಕೂ ಮೊದಲು ಟೈರ್ ಅಂಗಡಿ. ಒಂದು ಕಡೆ ನಿಲ್ಲುವುದಿಲ್ಲವೆಂದು ನಮ್ಮ ಸಾಲಿನವರು ನನ್ನನ್ನು ಬುಗುರಿ ಎನ್ನುತ್ತಾರೆ. ಬಿಸಿಗಾಳಿ ಎದ್ದಿತ್ತು. ಕ್ಯಾನಿನ ಮುಚ್ಚಳಗಳ ಮೇಲೆ ಬೂದಿ ಉದುರುತ್ತಿತ್ತು. ಅಷ್ಟರಲ್ಲಿ ನಿಮ್ಮ ಧ್ವನಿವರ್ಧಕದ ಗಾಡಿ ಬಂತು. “ಕಾಡಿನ ಬೆಂಕಿ ಹತ್ತಿರ ಬಂದಿದೆ. ದಯವಿಟ್ಟು ತಕ್ಷಣ ಮನೆ ಬಿಟ್ಟು ಹೊರಡಿ.” ಎಷ್ಟು ಚೆಂದದ ಮಾತು! ಅದರಲ್ಲಿ ಬೆಂಕಿಯೂ ಇತ್ತು, ದಯವಿಟ್ಟೂ ಇತ್ತು. ಸೂಟ್‌ಕೇಸು, ಮಕ್ಕಳು, ನಾಯಿ ಸಮೇತ ಬೀದಿ ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಉಳಿದ ಕ್ಯಾನುಗಳನ್ನು ಯಾರದೋ ಗೇಟಿನ ಮುಂದೆ ಬಿಟ್ಟು ನಾನು ಮನೆ ಕಡೆ ಓಡಿದೆ.

ಕೆಳಗೆ ನಮ್ಮ ಸಾಲಿನಲ್ಲೂ ಅದೇ ಗಾಡಿ, ಅದೇ ದನಿ: “ಕಾಡಂಚಿನ ಸಾಲಿನಲ್ಲಿ ತೆರವು ಕಾರ್ಯಾಚರಣೆ ನಡೆಯಲಿದೆ. ನಿವಾಸಿಗಳು ಸಹಕರಿಸತಕ್ಕದ್ದು.” ಬೆಂಕಿ ಎಂಬ ಪದ ಎಲ್ಲಿ ಹೋಯಿತು, ಸ್ವಾಮಿ? ಗುಡ್ಡ ಇಳಿಯುವಾಗ ಗಾಡಿಯಿಂದ ಜಾರಿ ಬಿತ್ತೇ?

ಈ ವಾಕ್ಯ ನಮಗೆ ಹೊಸದಲ್ಲ. ಎರಡು ವರ್ಷದ ಹಿಂದೆ ಇದನ್ನೇ ಕೂಗಿಕೊಂಡು ಹೋದಿರಿ. ಹಿಂದೆಯೇ ಬುಲ್ಡೋಜರ್ ಬಂದು ಟೈಲರ್ ಮಾವನ ಅಂಗಡಿಯನ್ನು ನೆಲಸಮ ಮಾಡಿತು. ಒತ್ತುವರಿ ಎಂದಿರಿ. ಸುಳ್ಳು ಹೇಳಲಾರೆ, ನಮ್ಮ ಸಾಲಿನ ಕೆಲವು ಕಟ್ಟಡಗಳು ಕಾಡಿನ ಗಡಿ ದಾಟಿರುವುದು ನಿಜ, ನಮ್ಮ ಬಚ್ಚಲುಮನೆಯೂ ಸೇರಿ. ಅಂದಿನಿಂದ ‘ತೆರವು’ ಎಂದು ಕಿವಿಗೆ ಬಿದ್ದರೆ ನಮ್ಮವರು ಮನೆ ಬಿಟ್ಟು ಓಡುವುದಿಲ್ಲ, ಬಾಗಿಲಿಗೆ ಅಡ್ಡ ಕೂರುತ್ತಾರೆ. ಮೊನ್ನೆಯೂ ಕೂತರು. ರಸ್ತೆಗೆ ಮಂಚಗಳನ್ನು ಎಳೆದು ಹಾಕಿ ಬುಲ್ಡೋಜರಿನ ದಾರಿ ಕಾದರು. ಬೆನ್ನ ಹಿಂದೆ ಕಾಡು ಉರಿಯುತ್ತಿತ್ತು. ಹೊಗೆ ಕಾಣಲಿಲ್ಲವೇ ಎಂದು ಕೇಳುತ್ತೀರಿ. ಪ್ರತಿ ಬೇಸಿಗೆಯೂ ಕಾಣುತ್ತದೆ. ಪ್ರತಿ ಬೇಸಿಗೆಯೂ ‘ಹತೋಟಿಯಲ್ಲಿದೆ, ಹೆದರಬೇಡಿ’ ಎಂದವರು ನೀವೇ ಅಲ್ಲವೇ?

ಅಮ್ಮ ಗ್ರಿಲ್ಲಿಗೆ ಬೀಗ ಜಡಿದುಕೊಂಡು ಒಳಗೆ ಕೂತಿದ್ದಳು.

“ಅಮ್ಮಾ, ಬೆಂಕಿ ಗುಡ್ಡದ ಹತ್ರ ಬಂದಿದೆ. ಬೀಗ ತೆಗಿ!”

“ನಿನ್ನ ಕೈಲಿ ಹೇಳಿಸ್ತಿದಾರಾ ಅವರು?”

“ಅಯ್ಯೋ, ಮೇಲಿನ ಬೀದಿಯೋರೆಲ್ಲ ಹೋದ್ರು ಕಣಮ್ಮಾ. ನಾಯಿಗಳ್ನೂ ಎತ್ಕೊಂಡು ಹೋದ್ರು!”

ನಾಯಿಯ ಮಾತಿಗೆ ಅಮ್ಮ ಎದ್ದಳು. ಬಂಗಲೆಯವರು ನಾಯಿಯನ್ನು ಎತ್ತಿಕೊಂಡು ಓಡುವುದು ಸುಮ್ಮಸುಮ್ಮನೆ ಅಲ್ಲ ಎಂಬುದು ಅವಳಿಗೆ ಗೊತ್ತು.

ಟೈಲರ್ ಮಾವ ಏಳಲಿಲ್ಲ. ತಮ್ಮ ಮನೆಯ ಹೊಸ್ತಿಲಿಗೆ ಅಡ್ಡವಾಗಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದರು.

“ಹೊಗೆ ಹಾಕಿ ಇಲಿ ಹೊರಡಿಸೋ ಆಟ ಇದು, ಬುಗುರಿ. ನಾನು ಕಾಲು ಹೊರಗಿಟ್ರೆ ಸಾಕು, ಒಡೀತಾರೆ.”

“ಮಾವಾ, ನಿಮ್ಮ ಕಾಲು ಹಿಡ್ಕೋತೀನಿ, ಬನ್ನಿ.”

“ಒಂದು ಕೆಲಸದಲ್ಲಿ ನಿಂತೋಳಲ್ಲ ನೀನು. ನಿನ್ನ ಮಾತು ನಂಬಿ ಮನೆ ಬಿಡ್ಲಾ?”

ಕೊನೆಗೆ ನಿಮ್ಮ ಅಗ್ನಿಶಾಮಕ ಸಿಬ್ಬಂದಿಯೇ ಜೀವದ ಹಂಗು ತೊರೆದು ಅವರನ್ನು ಎಳೆದು ತಂದರು. ಅವರಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಮಾವನ ಎರಡೂ ಅಂಗೈಗಳು ಸುಟ್ಟಿವೆ. ಕಾದ ಯಂತ್ರವನ್ನು ಅವರು ಬಿಟ್ಟಿರಲಿಲ್ಲ. ಸೂಜಿಗೆ ದಾರ ಪೋಣಿಸಲು ಇನ್ನು ಆಗುತ್ತದೆಯೋ ಇಲ್ಲವೋ, ಡಾಕ್ಟರು ಹೇಳುತ್ತಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, “ನೀನು ಹೇಳ್ದೆ ಕಣೇ. ಆದ್ರೆ ಗಾಡಿ ಹೇಳ್ಲಿಲ್ವಲ್ಲ” ಎಂದರು. ಇದಕ್ಕೆ ಉತ್ತರ ಕೊಡಬೇಕಾದವಳು ನಾನೋ, ನೀವೋ?

ಆಮೇಲೆ ಗಾಳಿ ತಿರುಗಿತು. ನಮ್ಮ ಸಾಲಿನಲ್ಲಿ ಅರ್ಧದಷ್ಟು ಮನೆಗಳು ಬೂದಿಯಾದವು, ನಮ್ಮದೂ ಸೇರಿ ಉಳಿದವು ನಿಂತಿವೆ. ಕಾಡಿಗೆ ನಮ್ಮಷ್ಟೇ ಹತ್ತಿರವಿರುವ ಬಂಗಲೆಗಳಿಗೆ ಜನ ಮರಳಿ, ದೀಪ ಹಚ್ಚಿ, ನನಗೆ ಕ್ಯಾನ್ ತರಲು ಫೋನೂ ಮಾಡಿದರು. ನಮ್ಮ ಸಾಲಿನ ಬಾಯಿಗೆ ಮಾತ್ರ ಸರಪಳಿ ಬಿದ್ದಿದೆ. ಅದರ ಮೇಲೊಂದು ಬೋರ್ಡು: ‘ತೆರವುಗೊಳಿಸಿದ ಪ್ರದೇಶ. ಪ್ರವೇಶ ನಿಷೇಧ.’ ಕೇಳಲು ನಿಮ್ಮ ಕಚೇರಿಗೆ ಹೋದೆ. ಕಿಟಕಿಯಲ್ಲಿದ್ದವರು ತಲೆ ಎತ್ತದೆ, “ತೆರವು ಅಂದ್ರೆ ತೆರವು ಕಣಮ್ಮ. ಅದ್ರಲ್ಲಿ ಎರಡು ಅರ್ಥ ಎಲ್ಲಿಂದ ಬಂತು?” ಎಂದರು. ನಾನು ಓದು ಬಿಟ್ಟವಳು, ವ್ಯಾಕರಣ ತಿಳಿಯದು. ಆದರೂ ಜನರನ್ನು ಉಳಿಸಲು ಕರೆಯುವುದಕ್ಕೂ ಜನರನ್ನು ಕಿತ್ತು ಹಾಕುವುದಕ್ಕೂ ಒಂದೇ ಪದ ಸಾಕು ಎಂದು ತೀರ್ಮಾನಿಸಿದವರು ಯಾರು?

ಬೆಂಕಿ ಹಚ್ಚಿದ್ದೇ ನೀವು ಎಂದು ನಮ್ಮ ಸಾಲಿನ ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ; ಕಣ್ಣಾರೆ ಕಾಣದ್ದನ್ನು ಹೇಳಲಾರೆ. ನಾನು ಕಂಡದ್ದು ಇಷ್ಟೇ: ಬುಲ್ಡೋಜರಿಗೆ ಎರಡು ವರ್ಷದಲ್ಲಿ ಆಗದ್ದನ್ನು ಬೆಂಕಿ ಒಂದು ಮಧ್ಯಾಹ್ನದಲ್ಲಿ ಮಾಡಿತು. ಅದಕ್ಕೆ ಹೊಂದುವ ಪದ ಮೊದಲೇ ನಿಮ್ಮ ಬಾಯಲ್ಲಿ ಸಿದ್ಧವಾಗಿತ್ತು. ಕಾಕತಾಳೀಯವೇ? ಇರಲಿ. ಬೋರ್ಡು ಬರೆಸುವಾಗಲೂ ಕುಂಚ ಹಿಡಿದದ್ದು ಅದೇ ಕಾಕತಾಳೀಯವೇ?

ನಾನು ಕೇಳುವುದು ದೊಡ್ಡದೇನಲ್ಲ. ಅದೇ ಗಾಡಿಯನ್ನು ನಮ್ಮ ಸಾಲಿಗೆ ಕಳುಹಿಸಿ. ಅದೇ ದನಿಯಲ್ಲಿ, ‘ನಿಮ್ಮನ್ನು ಹೊರಡಿಸಿದ್ದು ಬೆಂಕಿಗಾಗಿ, ನಿಮ್ಮ ಜಾಗಕ್ಕಾಗಿ ಅಲ್ಲ, ಮನೆಗೆ ಮರಳಿ’ ಎಂದು ಕೂಗಿಸಿ. ಬೋರ್ಡು ಕೀಳಿಸಿ. ನಮ್ಮ ಬಚ್ಚಲು ಒಡೆಯಲೇಬೇಕೆಂದರೆ ಒಡೆಯುತ್ತೇವೆಂದು ಹೇಳಿ ಬಂದು ಒಡೆಯಿರಿ, ಬೆಂಕಿಯ ಮರೆಯಲ್ಲಿ ಬೇಡ.

ಸದ್ಯ ನಾವು ಕ್ರೀಡಾಂಗಣದ ಒಳಗೆ, ಬ್ಯಾಡ್ಮಿಂಟನ್ ಅಂಕಣದ ಗೆರೆಗಳ ನಡುವೆ ಚಾಪೆ ಹಾಸಿಕೊಂಡಿದ್ದೇವೆ. ಅಮ್ಮ ಬಟ್ಟೆ ಗಂಟು ಕಟ್ಟಿದ್ದಾಳೆ. ಎಲ್ಲಿಗಮ್ಮಾ ಎಂದರೆ, “ಇನ್ನೆಲ್ಲಿಗೆ? ಮನೆಗೆ” ಎನ್ನುತ್ತಾಳೆ. ನೀರಿನ ಗಾಡಿಯನ್ನು ಮಾಲೀಕರಿಂದ ಕೇಳಿ ಪಡೆದಿದ್ದೇನೆ. ಸರಪಳಿಯ ಹತ್ತಿರ ನಿಮ್ಮವರು ನಿಂತಿದ್ದರೆ ನಿಂತಿರಲಿ.

ಇಂತಿ,
ನಿಮ್ಮ ವಿಧೇಯಳಾಗಿರಲು ನೋಡಿ ಸೋತವಳು

ನಾಳೆ ಬೆಳಿಗ್ಗೆ ಹೊರಡುತ್ತಿದ್ದೇವೆ.