ಅಪ್ಪನ ಪಕ್ಕದ ಎಲೆ

ಅಮ್ಮಾ,

ಯೋಗಿ ಅಣ್ಣನ ಡೆತ್ ಸರ್ಟಿಫಿಕೇಟನ್ನು ಯಾರಿಗೂ ಕೊಡಬೇಡಿ ಎಂದು ಕೇಳಿಕೊಳ್ಳಲು ಇವತ್ತು ಕೆಂಗೇರಿಯ ಕಚೇರಿಗೆ ಹೋಗಿದ್ದೆ. ನಿನಗೆ ಗೊತ್ತಾಗದಿರಲಿ ಎಂದು. ಅವನು ಮಸ್ಕತ್‌ನಲ್ಲಿದ್ದಾನೆ ಎಂದು ನಿನಗೆ ಹೇಳಿಕೊಂಡು ಬಂದವಳು ನಾನೇ ಅಲ್ಲವೇ.

“ಯಾರು ಅರ್ಜಿ ಹಾಕಿದ್ರೂ ಕೊಡ್ಲೇಬೇಕು ಮೇಡಂ. ಸಾವಿನ ಕಾರಣ ಮಾತ್ರ ಅದ್ರಲ್ಲಿ ಬರಲ್ಲ,” ಎಂದರು ಗುಮಾಸ್ತರು. “ಗೌರಿ ಹಬ್ಬಕ್ಕೆ ಮುಂಚೇನೇ ಅವರ ತಾಯಿ ಬಂದು ತಗೊಂಡು ಹೋದ್ರಲ್ಲ.”

ಪಿತೃಪಕ್ಷದಲ್ಲಿ ನೀನು ಅಪ್ಪನ ಎಡೆಯ ಪಕ್ಕ ಇನ್ನೊಂದು ಎಲೆ ಹಾಕಿ ಕೈಮ ಉಂಡೆ ಬಡಿಸಿದ್ದೆ. ಯಾರಿಗೆಂದು ನಾನು ಕೇಳಲಿಲ್ಲ. ಮಾರನೆಯ ದಿನ ನೀನೇ ಫೋನ್ ಮಾಡಿ, “ಮಸ್ಕತ್‌ನಲ್ಲಿ ಯೋಗಿ ಸರಿಯಾಗಿ ಉಣ್ತಾನಂತೇನೇ?” ಎಂದು ಕೇಳಿದೆ. “ಉಣ್ತಾನಮ್ಮ” ಎಂದುಬಿಟ್ಟೆ ನಾನು.

ಅವನು ಹೇಗೆ ಹೋದ ಎಂಬುದು ನಿನ್ನ ಹತ್ತಿರವಿರುವ ಕಾಗದದಲ್ಲಿಲ್ಲ. ಭಾನುವಾರ ಮೂಡಲಪಾಳ್ಯಕ್ಕೆ ಬಂದು ನಾನೇ ಹೇಳುತ್ತೇನೆ. ಕೇಳಿದ ಮೇಲೂ ಮನಸ್ಸಿದ್ದರೆ ಊಟಕ್ಕೆ ನನಗೊಂದು ಎಲೆ ಹಾಕು.

ನಿನ್ನ ಮಗಳು,
ಸ್ಪಂದನ