ಗಾಲಿಯ ಮುಂದಿನ ಎರಡನೇ ಕಲ್ಲು

ಮಾರ್ಚ್ 4, ಬೆಳಿಗ್ಗೆ 5:40
ಮತ್ತೆ ಅದೇ ಕನಸು. ಟ್ರಕ್ ಗೇರಿನಲ್ಲಿದೆ, ಆಕ್ಸಿಲರೇಟರ್ ಒತ್ತುತ್ತಲೇ ಇದ್ದೇನೆ. ಹಿಂದೆ ರಕ್ಷಣಾ ಬೋಟು ಹೊತ್ತ ಟ್ರೈಲರ್ ಮಾತ್ರ ನೆಲಕ್ಕೆ ಬೇರು ಬಿಟ್ಟಿದೆ. ದೂರದ ನೀರಿನಲ್ಲಿ ಒಂದು ಕೈ.
ಎದ್ದು ಮುಖ ತೊಳೆದೆ. ಗ್ಯಾಸ್ ಆಫ್ ಆಗಿದೆಯಾ ಎಂದು ಮೂರು ಸಲ ನೋಡಿದೆ.
"ಹಚ್ಚೇ ಇಲ್ವಲ್ಲೋ ಇನ್ನೂ" ಎಂದಳು ಅಕ್ಕ.

ಮಾರ್ಚ್ 5
ರಕ್ಷಣಾ ಠಾಣೆಯಲ್ಲಿ ಸಾಹೇಬರು ಕರೆದರು. ಹಳೆಯ ಟ್ರಕ್ ಗುಜರಿಗೆ. ಹೊಸದನ್ನು ನಾನೇ ಆರಿಸಬೇಕಂತೆ. ಯಾವುದು ಎಳೆಯುತ್ತೆ, ಯಾವುದು ಕೈಕೊಡುತ್ತೆ ಎಂದು ನನಗಲ್ಲದೆ ಯಾರಿಗೆ ಗೊತ್ತು ಎಂದರು. ತಲೆಯಾಡಿಸಿದೆ.
ಟ್ರಕ್ ಕೈಕೊಟ್ಟಿರಲಿಲ್ಲ. ಇದನ್ನು ಯಾರೂ ಓದುವುದಿಲ್ಲ, ಬರೆಯುತ್ತೇನೆ. ಶೆಡ್ಡಿನ ನೆಲ ಸ್ವಲ್ಪ ಇಳಿಜಾರು. ಟ್ರೈಲರ್ ಉರುಳದಂತೆ ಬಲಗಾಲಿಗೆ ಒಂದು ಅಡ್ಡಕಲ್ಲು ಇಡುವುದು ನಿಯಮ. ನನಗೆ ಒಂದು ಸಾಲದು. ಉರುಳಿದರೆ? ಯಾರಿಗೂ ಹೇಳದೆ ಎಡಗಾಲಿಗೂ ಒಂದು ಇಡುತ್ತಿದ್ದೆ... ಒಬ್ಬ ಮುಳುಗುತ್ತಿದ್ದಾನೆ ಎಂದು ಆ ದಿನ ಕರೆ ಬಂದಾಗ ಬಲದ್ದನ್ನು ತೆಗೆದೆ. ಎಡದ್ದನ್ನು ಮರೆತೆ. ಟ್ರಕ್ಕಿನ ಗಾಲಿ ಜಾರಿತು, ಎಂಜಿನ್ ಎರಡು ಸಲ ನಿಂತಿತು. ಬೋಟಿನವರು ಬಾನೆಟ್ ಎತ್ತಿ ಬಗ್ಗಿದ್ದಾಗ ಹಿಂದೆ ಹೋಗಿ ನೋಡಿದೆ. ಕಲ್ಲನ್ನು ಒದ್ದು ಸರಿಸಿದೆ. ಯಾರೂ ನೋಡಲಿಲ್ಲ.
ಒಂಬತ್ತು ನಿಮಿಷ ತಡ. ಈಜಲು ಇಳಿದವನು ಅಷ್ಟರಲ್ಲಿ ಮುಳುಗಿದ್ದ.

ಮಾರ್ಚ್ 9
ಶೋರೂಮ್. ಮೊದಲನೆಯದು ಚೆಂದ, ಆದರೆ ಹಿಂಭಾಗ ಹಗುರ — ಒದ್ದೆ ಇಳಿಜಾರಿನಲ್ಲಿ ಗಾಲಿ ಸುಮ್ಮನೆ ತಿರುಗುತ್ತದೆ. ಎರಡನೆಯದು ಎಳೆಯುವುದು ಎರಡೂವರೆ ಟನ್. ನಮ್ಮ ಬೋಟು, ಟ್ರೈಲರ್, ತುಂಬಿದ ಟ್ಯಾಂಕ್ ಸೇರಿದರೆ ಎರಡೂಮುಕ್ಕಾಲು. ಮೂರನೆಯದು ಮೂರೂವರೆ ಟನ್, ನಾಲ್ಕೂ ಗಾಲಿಗೆ ಶಕ್ತಿ. ಇದು ಮನೆಯನ್ನೇ ಎಳೆಯುತ್ತೆ, ಒಳಗೆ ಅತ್ತೆ ಕೂತಿದ್ದರೂ ಎಂದ ಮಾರುವವನು.
ಕೇಳಿಯೇಬಿಟ್ಟೆ. "ಟ್ರೈಲರ್ ಗಾಲಿಗೆ ಕಲ್ಲು ಅಡ್ಡ ಇದ್ರೆ?"
"ಕಲ್ಲು ತೆಗೀತಾರೆ ಸಾರ್."
ನಕ್ಕ. ನಾನೂ ನಕ್ಕೆ ಅನ್ನಿಸುತ್ತದೆ. ಮೂರನೆಯದೇ ಇರಲಿ ಎಂದೆ.

ಮಾರ್ಚ್ 14
ಗುಜರಿಯವನು ಬಂದ. ಹಳೆಯದರ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್. "ಗಟ್ಟಿಯಾಗೇ ಇದೆಯಲ್ಲ ಮುದುಕ" ಎಂದ. ಬಾಯಿಲ್ಲದ ಗಾಡಿ, ಅದೇನು ಹೇಳೀತು. ಗೇಟು ಮುಚ್ಚಿದೆ. ಚಿಲಕ ಬಿತ್ತಾ ಎಂದು ಎರಡು ಸಲ ಎಳೆದು ನೋಡಿದೆ.

ಮಾರ್ಚ್ 27
ಹೊಸ ಗಾಡಿಯಲ್ಲಿ ಮೊದಲ ಅಭ್ಯಾಸ. ರಿವರ್ಸ್‌ನಲ್ಲಿ ಬೋಟನ್ನು ನೀರಿಗೆ ಇಳಿಸಿದೆ. ಸ್ಟೀರಿಂಗನ್ನು ಕೆಳಗಡೆ ಹಿಡಿದರೆ ಕೈ ಹೋದ ಕಡೆ ಟ್ರೈಲರ್ ಹೋಗುತ್ತದೆ. ಕೈ ತನ್ನ ಪಾಡಿಗೆ ಮಾಡಿತು. ಚಪ್ಪಾಳೆ. ಏನೂ ಅನ್ನಿಸಲಿಲ್ಲ.
ಮುಳುಗಿದವನ ಹೆಂಡತಿ ದೂರ ನಿಂತಿದ್ದಳು. ಆಮೇಲೆ ಹತ್ತಿರ ಬಂದು ಬಾನೆಟ್ ಮುಟ್ಟಿದಳು.
"ಇದು ಅವತ್ತೇ ಇದ್ದಿದ್ರೆ... ಅಲ್ವಾ ಅಣ್ಣ?"
ಹೂಂ ಎಂದೆ.
ಹೂಂ ಎಂದೆ.

ಮಾರ್ಚ್ 28
ಸಾಹೇಬರು ಆ ದಿನದ ವರದಿಯನ್ನು ಸಹಿಗೆ ಕಳಿಸಿದ್ದಾರೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನು, ಕಚೇರಿ ಭಾಷೆಯನ್ನು ನಿಧಾನಕ್ಕೆ ಓದಿದೆ. ತಡವಾಗಲು ಕಾರಣ ಎಂಜಿನ್ ವೈಫಲ್ಯ. ಚಾಲಕನ ತಪ್ಪು ಕಂಡುಬಂದಿಲ್ಲ.
ಪೆನ್ನು ತೆರೆದೆ. ಮುಚ್ಚಿದೆ. ಬೇರೆ ಹಾಳೆ ತೆಗೆದಿಟ್ಟೆ. ನಾಳೆ ಚೆನ್ನಾಗಿ ಬರೆದು ಕೊಡಬೇಕು, ಈಗ ಇಲ್ಲಿ ಕರಡು —
ಸಾಹೇಬರೇ, ಸಹಿ ಹಾಕಿಲ್ಲ. ನಾಲ್ಕನೇ ಸಾಲನ್ನು ದಯವಿಟ್ಟು ಇನ್ನೊಂದು ಸಲ ನೋಡಿ. ಎಂಜಿನ್ ಎಂದು ಬರೆದಿರುವ ಕಡೆ ನಾನಿಟ್ಟ ಎರಡನೇ ಕಲ್ಲು ಎಂದು ಬರಬೇಕು.