ಒಣಗಿದ್ದ ನೆಲ

ಫೆಬ್ರವರಿ 3, ಲೊಫೊಟೆನ್
ಕಾರ್ಖಾನೆಯಲ್ಲಿ ಇವತ್ತೂ ಕಾಡ್ ಮೀನು. ಕೊಯ್ದು ಕೊಯ್ದು ಬೆರಳು ಮರಗಟ್ಟಿವೆ. ನನ್ನ ಮೇಜಿನ ಹಿಂದೆ ಚರಂಡಿ ಮತ್ತೆ ಕಟ್ಟಿಕೊಂಡಿದೆ. ನೀರು, ರಕ್ತ, ಲೋಳೆ — ಎಲ್ಲ ಕಾಲ ಕೆಳಗೆ. ಓಡ್ವಾರ್‌ಗೆ ಹೇಳಿದೆ. ಕಾರ್ಖಾನೆಗೆ ಸೂಪರ್‌ವೈಸರ್, ನನಗೆ ತಮ್ಮ. ಸೀಸನ್‌ನಲ್ಲಿ ಕೆಲಸ ನಿಲ್ಲಿಸಿದರೆ ಯಜಮಾನ ಸುಮ್ಮನಿರುವುದಿಲ್ಲವಂತೆ. ಭಾನುವಾರ ಸರಿ ಮಾಡಿಸುತ್ತೇನೆ ಎಂದ.

ಫೆಬ್ರವರಿ 9
ಭಾನುವಾರ ಹೋಯಿತು. ಯಾರೂ ಬರಲಿಲ್ಲ.

ಫೆಬ್ರವರಿ 19, ಆಸ್ಪತ್ರೆ
ಈಗ ಕೂತು ಬರೆಯಬಲ್ಲೆ. ಹೋದ ವಾರ ಮೀನಿನ ಡಬ್ಬ ಎತ್ತಿಕೊಂಡು ತಿರುಗಿದೆ, ಆ ಲೋಳೆಯಲ್ಲಿ ಕಾಲು ಜಾರಿತು. ಅಷ್ಟೇ. ಸೊಂಟದ ಕೀಲು ಮುರಿದಿದೆ. ಇನ್ನು ಇಡೀ ದಿನ ನಿಂತು ದುಡಿಯುವುದು ಆಗದು ಎಂದರು ಡಾಕ್ಟರು — ನಾಳೆ ಮೋಡ ಇರುತ್ತದೆ ಎನ್ನುವ ಹಾಗೆ.

ಓಡ್ವಾರ್ ಬಂದಿದ್ದ. ಹೆಂಡತಿ ಸಿಸ್ಸೆಲ್ ಮಾಡಿದ ವಾಫಲ್, ಕಂದು ಚೀಸು ತಂದಿದ್ದ. ಕಿಟಕಿ ಕಡೆ ನೋಡುತ್ತಲೇ ಹೇಳಿದ.

"ನೆಲ ಒಣಗಿತ್ತು ಅಂತ ಬರೆದುಕೊಟ್ಟಿದೀನಿ, ಅಕ್ಕ. ಯಜಮಾನರು ಹಾಗೇ ಹೇಳು ಅಂದ್ರು. ಕಾರ್ಮಿಕ ಇಲಾಖೆ ತಪಾಸಣೆಯವ್ರು ಕೇಳಿದ್ರೆ ನೀನೂ ಹಾಗೇ ಅಂದ್ಬಿಡು. ಬೂಟು ಸವೆದಿತ್ತು ಅಂತ."

ಹೊಸ ಬೂಟು. ಕ್ರಿಸ್‌ಮಸ್‌ಗೆ ಅವನೇ ಕೊಡಿಸಿದ್ದು.

ಮಾರ್ಚ್ 2
ತಪಾಸಣೆಯವಳು ಬಂದಳು. ಮೆತ್ತಗೆ ಕೇಳಿದಳು. ಸುಳ್ಳು ನಾಲಿಗೆ ತುದಿಗೇ ಬಂದಿತ್ತು… ಆದರೆ ನನ್ನ ಮೇಜಿನ ಮುಂದೆ ಈಗ ಇನ್ನೊಬ್ಬಳು ನಿಂತಿದ್ದಾಳೆ. ಇದ್ದದ್ದು ಹೇಳಿದೆ. ಯಾರಿಗೆ ತಿಳಿಸಿದ್ದಿರಿ ಎಂದಳು. ತಮ್ಮನ ಹೆಸರು ಹೇಳಿದೆ.

ಮಾರ್ಚ್ 20, ಮನೆ
ಚರಂಡಿ ಸರಿಯಾಯಿತಂತೆ. ಓಡ್ವಾರ್‌ನನ್ನು ಕೆಲಸದಿಂದ ತೆಗೆದರಂತೆ. ಯಜಮಾನನಿಗೆ ಏನೂ ಗೊತ್ತೇ ಇರಲಿಲ್ಲವಂತೆ, ಸೂಪರ್‌ವೈಸರ್ ಮುಚ್ಚಿಟ್ಟನಂತೆ.

ಯಜಮಾನ ನನಗೆ ಹೂ ಕಳಿಸಿದ್ದಾನೆ. ಹಳದಿ ಟ್ಯುಲಿಪ್. ಊರುಗೋಲು ಹಿಡಿದು ಕಸದ ಬುಟ್ಟಿಗೆ ಹಾಕಿ ಬರುವಷ್ಟರಲ್ಲಿ ಬೆವರಿಳಿಯಿತು.

ಸಿಸ್ಸೆಲ್ ಫೋನ್ ಮಾಡಿದಳು. "ಈಗ ಸಮಾಧಾನ ಆಯ್ತಾ, ಅತ್ತಿಗೆ?" ಉತ್ತರ ಹೇಳುವ ಮೊದಲೇ ಇಟ್ಟಳು.

ಏಪ್ರಿಲ್ 6
ಓಡ್ವಾರ್ ಬಂದ. ಬಾಗಿಲಲ್ಲೇ ನಿಂತ. ಗಡ್ಡ ಬಿಟ್ಟಿದ್ದಾನೆ, ಅಪ್ಪನ ಮುಖ ಕಂಡಿತು.

"ನಾನೂ ಹೇಳಿದ್ದೆ ಅಕ್ಕ, ಯಜಮಾನನಿಗೆ. ಒಂದೆರಡು ಸಲ ಅಲ್ಲ."

ಹಾಗಾದರೆ ಹೋಗಿ ತಪಾಸಣೆಯವರಿಗೆ ಹೇಳು ಎಂದೆ.

"ಯಾರು ನಂಬ್ತಾರೆ? ಒಣಗಿತ್ತು ಅಂತ ಕೆಳಗೆ ಸಹಿ ಹಾಕಿರೋನು ನಾನೇ ಅಲ್ವಾ?"

ಸಿಟ್ಟು ಇರಲಿಲ್ಲ ದನಿಯಲ್ಲಿ. ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಒಳಗೆ ಬಾ, ಕಾಫಿ ಕುಡಿ ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವನು ಮೆಟ್ಟಿಲಿಳಿದು… ಓಡ್ವಾರ್ ಎಂದು ಕೂಗಿದೆ. ತಿರುಗಿದ. ಆಗ ನಾನು ಊರುಗೋಲಿನಿಂದ ಬಾಗಿಲು ಇನ್ನಷ್ಟು ತಳ್ಳಿ, ಕಾಫಿ ಇದೆ ಬಾ ಎಂದೆ.